ವರ್ಡ್‌ಗೆ ಹಣ ಕಟ್ಟಬೇಕಾ, ಪುಕ್ಕಟೆಯದು ಸಾಕಾ? ಬರವಣಿಗೆಯ ಸಾಫ್ಟ್‌ವೇರ್ ಆರಿಸುವ ಮುನ್ನ

"ವರ್ಷಾ ವರ್ಷಾ ಇಷ್ಟು ದುಡ್ಡು ಕಟ್ಟೋದು ಬೇಕಾ?" "ಪುಕ್ಕಟೆ ಸಿಗೋದನ್ನು ಹಾಕಿಕೊಂಡರೆ ನಡುವಲ್ಲಿ ಕೈಕೊಡುತ್ತಾ?" "ಪಿಡಿಎಫ್‌ನಲ್ಲಿ ಒಂದೇ ಒಂದು ಸಾಲು ತಿದ್ದಬೇಕು, ಅದಕ್ಕೆ ಇಡೀ ವರ್ಷದ ಚಂದಾ ಕೊಡಬೇಕಾ?" ಬರೆಯುವ, ತಿದ್ದುವ ಸಾಫ್ಟ್‌ವೇರ್ ಬಗ್ಗೆ ನನ್ನನ್ನು ಕೇಳುವವರು ಹೆಚ್ಚುಕಡಿಮೆ ಈ ಮೂರರಲ್ಲಿ ಒಂದನ್ನು ಕೇಳುತ್ತಾರೆ. ಮೂರಕ್ಕೂ ಒಂದೇ ಉತ್ತರ ಇಲ್ಲ. ಆದರೆ ಉತ್ತರ ಹುಡುಕುವ ದಾರಿ ಒಂದೇ ಇದೆ.

ಮೊದಲು ನನಗೆ ಬಿದ್ದ ಪೆಟ್ಟಿನ ಕತೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಪಿಡಿಎಫ್ ತಿದ್ದುವ ಒಂದು ಸಾಫ್ಟ್‌ವೇರ್ ಕೊಂಡೆ. "ಲೈಫ್‌ಟೈಮ್ ಲೈಸೆನ್ಸ್" ಎಂದು ದೊಡ್ಡದಾಗಿ ಬರೆದಿದ್ದರು. ಒಮ್ಮೆ ಕೊಟ್ಟರೆ ಮುಗಿಯಿತು ಅಂದುಕೊಂಡೆ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಬದಲಾದ ಮೇಲೆ ಅದು ತೆರೆಯಲೇ ಇಲ್ಲ. ಕಂಪನಿಗೆ ಬರೆದೆ. ಮೂರು ದಿನ ಬಿಟ್ಟು ಉತ್ತರ ಬಂತು. ಲೈಫ್‌ಟೈಮ್ ಅಂದರೆ ನೀವು ಕೊಂಡ ಆವೃತ್ತಿ ಇರುವಷ್ಟು ಕಾಲ ಮಾತ್ರವಂತೆ, ಹೊಸ ಆವೃತ್ತಿಗೆ ಮತ್ತೆ ಹಣ ಕೊಡಬೇಕಂತೆ. ಹಣಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ಎಷ್ಟೋ ರಾತ್ರಿ ಕೂತು ಮಾಡಿಟ್ಟ ಟಿಪ್ಪಣಿಗಳನ್ನು ಆ ಸಾಫ್ಟ್‌ವೇರ್ ತನ್ನದೇ ನಮೂನೆಯ ಫೈಲ್‌ನಲ್ಲಿ ಉಳಿಸಿತ್ತು. ಬೇರೆ ಯಾವುದರಲ್ಲೂ ಅದು ತೆರೆಯಲಿಲ್ಲ.

ಅಂದಿನಿಂದ ಏನೇ ಕೊಳ್ಳುವಾಗಲೂ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ. ನಾನು ಹಣ ಕಟ್ಟುವುದನ್ನು ನಿಲ್ಲಿಸಿದ ದಿನ, ಅಥವಾ ಕಂಪನಿ ಇದನ್ನು ಕೈಬಿಟ್ಟ ದಿನ, ನನ್ನ ಬರಹ ನನ್ನ ಕೈಯಲ್ಲಿ ಇರುತ್ತದಾ?

ಏನನ್ನು ನೋಡಿ ಆರಿಸಬೇಕು

ಮೇಲಿನ ಪ್ರಶ್ನೆಯೇ ನನ್ನ ಮೊದಲ ಅಳತೆ. ಉಳಿದವು ಅದರ ಹಿಂದೆ ಬರುತ್ತವೆ.

ಖರ್ಚನ್ನು ಐದು ವರ್ಷಕ್ಕೆ ಲೆಕ್ಕ ಹಾಕಿ. ತಿಂಗಳ ಕಂತಾದರೆ 60ರಿಂದ ಗುಣಿಸಿ, ವರ್ಷದ್ದಾದರೆ 5ರಿಂದ. ಮೊದಲ ವರ್ಷದ ರಿಯಾಯಿತಿ ದರವನ್ನು ಹಿಡಿಯಬೇಡಿ, ನವೀಕರಿಸುವಾಗಿನ ದರ ಹಿಡಿಯಿರಿ. ಎಷ್ಟು ಜನ ಬಳಸುತ್ತೀರಿ, ಎಷ್ಟು ಕಂಪ್ಯೂಟರ್ ಇವೆ ಎಂಬುದೂ ಸೇರಲಿ. ತಿಂಗಳಿಗೆ ಚಿಕ್ಕದಾಗಿ ಕಾಣುವ ಮೊತ್ತ ಐದು ವರ್ಷಕ್ಕೆ ಎಷ್ಟಾಗುತ್ತದೆ ಎಂದು ಕಣ್ಣಾರೆ ನೋಡಿದ ಮೇಲೆ ತೀರ್ಮಾನ ಎಷ್ಟೋ ಸುಲಭವಾಗುತ್ತದೆ.

ಮುಂದಿನದು ಬೆಂಬಲ. ಈ ಪದದಲ್ಲಿ ಮೂರು ಬೇರೆ ಬೇರೆ ವಿಷಯಗಳು ಸೇರಿಕೊಂಡಿವೆ, ಅದರಿಂದಲೇ ಜನ ಮೋಸ ಹೋಗುತ್ತಾರೆ. ಸುರಕ್ಷತೆಯ ಅಪ್‌ಡೇಟ್ ಬರುವುದು ಒಂದು. ಸಿಕ್ಕಿಹಾಕಿಕೊಂಡಾಗ ಕೇಳಿದರೆ ಒಬ್ಬ ಮನುಷ್ಯ ಉತ್ತರ ಕೊಡುವುದು ಇನ್ನೊಂದು. ಇವತ್ತು ಬರೆದ ಫೈಲ್ ಹತ್ತು ವರ್ಷ ಬಿಟ್ಟು ತೆರೆಯುವುದು ಮೂರನೆಯದು. ದುಬಾರಿ ಸಾಫ್ಟ್‌ವೇರ್ ಕೊಂಡರೆ ಮೂರೂ ಸಿಗುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನೂ ಇಲ್ಲ. ಪುಕ್ಕಟೆಯದಕ್ಕೆ ಮೂರೂ ಇಲ್ಲ ಅಂದುಕೊಳ್ಳುವುದೂ ಅಷ್ಟೇ ತಪ್ಪು. ನಿಮಗೆ ಯಾವ ಬೆಂಬಲ ಬೇಕು ಎಂದು ಮೊದಲೇ ಹೆಸರಿಟ್ಟು ಕೇಳಿ.

ಆಮೇಲೆ ನಿಮ್ಮ ಫೈಲ್ ಯಾರ ಯಾರ ಕೈಗೆ ಹೋಗಿ ಬರುತ್ತದೆ ಎಂಬುದು. ಒಬ್ಬರೇ ಬರೆದು ಕೊನೆಗೆ ಪಿಡಿಎಫ್ ಮಾಡಿ ಕಳಿಸುವವರಿಗೆ ಯಾವುದಾದರೂ ಸರಿ. ನಾಲ್ಕು ಜನ ವರ್ಡ್‌ನಲ್ಲಿ ತಿದ್ದಿ, ಪಕ್ಕದಲ್ಲಿ ಟಿಪ್ಪಣಿ ಹಾಕಿ ವಾಪಸ್ ಕಳಿಸುವ ಕೆಲಸವಾದರೆ ಮಾತು ಬೇರೆ.

ಕೊನೆಯದು ಕನ್ನಡ. ಒತ್ತಕ್ಷರ ಸರಿಯಾಗಿ ಮೂಡಬೇಕು, ಹುಡುಕಿದರೆ ಪದ ಸಿಗಬೇಕು, ಪಿಡಿಎಫ್ ಮಾಡಿದರೆ ಅಕ್ಷರ ಚೆದುರಬಾರದು.

ಮೈಕ್ರೋಸಾಫ್ಟ್ ವರ್ಡ್: ಚಂದಾ ಮತ್ತು ಒಮ್ಮೆಗೇ ಕೊಳ್ಳುವುದು

ವರ್ಡ್ ಮೊದಲು ಬಂದದ್ದು 1983ರಲ್ಲಿ. ಇಷ್ಟು ವರ್ಷಗಳಲ್ಲಿ ಅದು ಒಂದು ಅಳತೆಗೋಲೇ ಆಗಿಬಿಟ್ಟಿದೆ. ಬೇರೆ ಸಾಫ್ಟ್‌ವೇರ್‌ಗಳನ್ನು ನಾವು ತೂಗುವುದೂ ಅವು ವರ್ಡ್ ಫೈಲನ್ನು ಎಷ್ಟು ಚೆನ್ನಾಗಿ ತೆರೆಯುತ್ತವೆ ಎಂಬುದರ ಮೇಲೆ. ಹಾಗಾಗಿ ಹೊಂದಾಣಿಕೆಯ ಅಳತೆಯಲ್ಲಿ ಇದಕ್ಕೆ ಪೂರ್ತಿ ಅಂಕ.

ಕೊಳ್ಳಲು ಎರಡು ದಾರಿ. ಒಂದು, ಮೈಕ್ರೋಸಾಫ್ಟ್ 365 ಎಂಬ ಚಂದಾ. ಇನ್ನೊಂದು, ವರ್ಡ್ ಸೇರಿರುವ ಆಫೀಸ್ 2024ರಂತೆ ಒಮ್ಮೆಗೇ ಹಣ ಕೊಟ್ಟು ಒಂದು ಕಂಪ್ಯೂಟರಿಗೆ ಹಾಕಿಕೊಳ್ಳುವುದು.

ಚಂದಾ ನಿಲ್ಲಿಸಿದರೆ ಏನಾಗುತ್ತದೆ? ಫೈಲ್ ತೆರೆಯಬಹುದು, ಓದಬಹುದು, ಪ್ರಿಂಟ್ ತೆಗೆಯಬಹುದು. ತಿದ್ದಲು ಆಗುವುದಿಲ್ಲ, ಹೊಸದು ಬರೆಯಲೂ ಆಗುವುದಿಲ್ಲ. ಫೈಲ್ ಮಾತ್ರ ನಿಮ್ಮದೇ. ಅದನ್ನು ಬೇರೆ ಸಾಫ್ಟ್‌ವೇರಿನಲ್ಲಿ ತೆರೆದು ಕೆಲಸ ಮುಂದುವರಿಸಬಹುದು. ಇದು ನನಗೆ ಒಪ್ಪುವ ಷರತ್ತು. ನೆನಪಿಡಬೇಕಾದ್ದು ಮೋಡದಲ್ಲಿ, ಅಂದರೆ ನೆಟ್ ಮೂಲಕ ಕಂಪನಿಯ ಕಂಪ್ಯೂಟರಿನಲ್ಲಿ, ಇಟ್ಟ ಫೈಲ್‌ಗಳನ್ನು. ಚಂದಾದಾರರಿಗೆ ಒನ್‌ಡ್ರೈವ್‌ನಲ್ಲಿ ಒಬ್ಬರಿಗೆ 1 ಟಿಬಿ ಜಾಗ ಸಿಗುತ್ತದೆ, ಪುಕ್ಕಟೆ ಖಾತೆಗೆ 5 ಜಿಬಿ ಮಾತ್ರ. ಚಂದಾ ಬಿಡುವ ಮೊದಲೇ ಎಲ್ಲವನ್ನೂ ನಿಮ್ಮ ಡಿಸ್ಕಿಗೆ ಇಳಿಸಿಕೊಳ್ಳಿ.

ಫ್ಯಾಮಿಲಿ ಪ್ಲಾನ್ ಅನ್ನು 6 ಜನರ ತನಕ ಹಂಚಿಕೊಳ್ಳಬಹುದು. ಮನೆಯಲ್ಲಿ ನಾಲ್ಕೈದು ಜನ ನಿಜವಾಗಿ ಬಳಸುವುದಾದರೆ ತಲಾ ಖರ್ಚು ತುಂಬಾ ಇಳಿಯುತ್ತದೆ. ಒಬ್ಬರೇ ಬಳಸುವುದಾದರೆ ಐದು ವರ್ಷದ ಲೆಕ್ಕದಲ್ಲಿ ಇದು ಭಾರವೇ. ಬೆಲೆ ಏರುವುದೂ ಉಂಟು. 2025ರಲ್ಲಿ ಕೋಪೈಲಟ್ ಎಂಬ ಎಐ ಸಹಾಯಕವನ್ನು ಸೇರಿಸಿ ಮನೆಬಳಕೆಯ ಪ್ಲಾನ್‌ಗಳ ದರವನ್ನು ಹಲವು ದೇಶಗಳಲ್ಲಿ ಏರಿಸಲಾಯಿತು. ಎಐ ಬೇಡ ಅನ್ನುವವರಿಗೆ ಹಳೆಯ ದರದ "ಕ್ಲಾಸಿಕ್" ಪ್ಲಾನ್ ಇತ್ತು. ಚಂದಾ ರದ್ದು ಮಾಡಲು ಹೊರಟವರಿಗೆ ಮಾತ್ರ ಅದು ಕಾಣುತ್ತಿತ್ತು ಎಂದು ಆಸ್ಟ್ರೇಲಿಯಾದ ಗ್ರಾಹಕ ಆಯೋಗ 2025ರ ಅಕ್ಟೋಬರ್‌ನಲ್ಲಿ ಕೋರ್ಟಿಗೆ ಹೋಯಿತು. ಇದರಿಂದ ನಾನು ಕಲಿತದ್ದು ಒಂದು. ಯಾವುದೇ ಚಂದಾ ನವೀಕರಿಸುವ ಮೊದಲು "ರದ್ದು ಮಾಡಿ" ಒತ್ತಿ ಕೊನೆಯ ಪುಟದ ತನಕ ಹೋಗಿ ನೋಡಿ. ಕಡಿಮೆ ದರದ್ದು ಇದ್ದರೆ ಅಲ್ಲಿ ಕಾಣಬಹುದು.

ಇನ್ನು ಒಮ್ಮೆಗೇ ಕೊಳ್ಳುವ ಆಫೀಸ್. "ಚಂದಾದ ಗೋಜೇ ಬೇಡ, ಒಂದು ಸಲ ಕೊಟ್ಟು ಸುಮ್ನೆ ಇದ್ದುಬಿಡೋಣ" ಅನ್ನುವವರು ತುಂಬಾ ಜನ. ನನಗೂ ಆ ಮನಸ್ಸಿದೆ. ಆದರೆ ಇದರ ಆಯಸ್ಸು ಕುಗ್ಗುತ್ತಾ ಬಂದಿರುವುದನ್ನು ನೋಡಿ. ಆಫೀಸ್ 2010ಕ್ಕೆ 2020ರವರೆಗೆ, ಅಂದರೆ 10 ವರ್ಷ ಸುರಕ್ಷತೆಯ ಅಪ್‌ಡೇಟ್ ಬಂತು. ಆಫೀಸ್ 2019ಕ್ಕೆ ಸಿಕ್ಕಿದ್ದು ಸುಮಾರು 7 ವರ್ಷ. ಅದೂ ಆಫೀಸ್ 2016ರ ಜೊತೆಗೇ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಫೀಸ್ 2021ಕ್ಕೆ 5 ವರ್ಷ, ಅದರ ಗಡುವು 2026ರ ಅಕ್ಟೋಬರ್ 13. ಆಫೀಸ್ 2024ಕ್ಕೂ 5 ವರ್ಷವೇ, 2029ರ ಅಕ್ಟೋಬರ್ ತನಕ. ಗಡುವು ಮುಗಿದ ಮೇಲೂ ಅದು ನಿಮ್ಮ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಆದರೆ ಸುರಕ್ಷತೆಯ ತೂತು ಕಂಡರೆ ಮುಚ್ಚುವವರು ಇರುವುದಿಲ್ಲ. ಯಾರ್ಯಾರೋ ಕಳಿಸಿದ ಫೈಲ್‌ಗಳನ್ನು ದಿನವೂ ತೆರೆಯುವವರಿಗೆ ಅದು ನಿಜವಾದ ಅಪಾಯ.

ಹಾಗಾಗಿ ಒಮ್ಮೆಗೇ ಕೊಳ್ಳುವುದು ಅಂದರೆ ಐದು ವರ್ಷದ ಬಾಡಿಗೆಯನ್ನು ಮುಂಗಡ ಕೊಟ್ಟ ಹಾಗೆ ಎಂದು ಲೆಕ್ಕ ಹಾಕಿ. ಆಗ ಒಬ್ಬರೇ, ಒಂದೇ ಕಂಪ್ಯೂಟರಿನಲ್ಲಿ ಬಳಸುವವರಿಗೆ ಇದು ಚಂದಾಕ್ಕಿಂತ ಅಗ್ಗ ಬೀಳುವುದುಂಟು. ಕೊಳ್ಳುವುದಾದರೆ ಹೊಸ ಆವೃತ್ತಿ ಬಂದ ವರ್ಷವೇ ಕೊಳ್ಳಿ. ಗಡುವಿನ ದಿನಾಂಕ ಎಲ್ಲರಿಗೂ ಒಂದೇ. ತಡವಾಗಿ ಕೊಂಡರೆ ಅದೇ ಹಣಕ್ಕೆ ಕಡಿಮೆ ವರ್ಷ ಸಿಗುತ್ತದೆ. ಮನೆಬಳಕೆಯ ಲೈಸೆನ್ಸನ್ನು ವ್ಯಾಪಾರಕ್ಕೆ ಬಳಸಬಹುದೇ ಎಂಬ ಷರತ್ತನ್ನೂ ಓದಿಕೊಳ್ಳಿ.

ಅಸಲಿ ಬೆಲೆಯ ಹತ್ತನೇ ಒಂದು ಭಾಗಕ್ಕೆ ಸಿಗುವ ಲೈಸೆನ್ಸ್ ಕೀ‌ಗಳ ಸಹವಾಸ ಬೇಡ. ಅವು ಯಾವ ದಿನ ಬೇಕಾದರೂ ರದ್ದಾಗಬಹುದು, ಆಗ ಕೇಳಲು ಯಾರೂ ಸಿಗುವುದಿಲ್ಲ. ಕ್ರ್ಯಾಕ್ ಮಾಡಿದ ಆವೃತ್ತಿ ಇನ್ನೂ ಕೆಟ್ಟದ್ದು.

ಅಪರೂಪಕ್ಕೆ ಮಾತ್ರ ವರ್ಡ್ ಬೇಕಾಗುವವರು ಇದನ್ನು ಗಮನಿಸಿ. ಬ್ರೌಸರಿನಲ್ಲಿ ತೆರೆಯುವ ವರ್ಡ್ ಪುಕ್ಕಟೆ. ಒಂದು ಮೈಕ್ರೋಸಾಫ್ಟ್ ಖಾತೆ ಇದ್ದರೆ ಸಾಕು. ಕೆಲವು ಸೌಲಭ್ಯಗಳು ಇಲ್ಲ, ನೆಟ್ ಬೇಕೇ ಬೇಕು. ಆದರೂ ತಿಂಗಳಿಗೆರಡು ಪತ್ರ ಬರೆಯುವವರಿಗೆ ಅಷ್ಟು ಸಾಕಾಗುತ್ತದೆ.

ಲಿಬ್ರೆಆಫೀಸ್

ಇದರ ಮೇಲೆ ನನಗೆ ಪ್ರೀತಿ ಇದೆ, ಮುಚ್ಚಿಡುವುದಿಲ್ಲ. ಆದರೆ ಎಲ್ಲರಿಗೂ ಇದನ್ನೇ ಹೇಳುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಹುಟ್ಟಿದ್ದು ಲಿಬ್ರೆಆಫೀಸ್. ಜರ್ಮನಿಯ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಲಾಭವಿಲ್ಲದ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಬೆಲೆ ಇಲ್ಲ, ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಿಕೊಳ್ಳಬಹುದು, ಕಚೇರಿಯಲ್ಲೂ ಬಳಸಬಹುದು. ನಿಲ್ಲಿಸಬೇಕಾದ ಚಂದಾ ಇಲ್ಲವಾದ್ದರಿಂದ ಮೊದಲ ಅಳತೆಯಲ್ಲಿ ಇದನ್ನು ಮೀರಿಸುವುದು ಕಷ್ಟ. ಇದರ ಸ್ವಂತ ಫೈಲ್ ನಮೂನೆ ಒಡಿಎಫ್. 2006ರಲ್ಲೇ ಅದು ಅಂತರರಾಷ್ಟ್ರೀಯ ಮಾನಕವಾಗಿದೆ. ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ವರ್ಡ್ ಕೂಡ ಅದನ್ನು ತೆರೆಯುತ್ತದೆ.

ಹಳೆಯ ಫೈಲ್‌ಗಳ ವಿಷಯದಲ್ಲಿ ಲಿಬ್ರೆಆಫೀಸ್ ಮಾಡುವ ಉಪಕಾರ ದೊಡ್ಡದು. ಪೇಜ್‌ಮೇಕರ್ ನೆನಪಿದೆಯಾ? ಪುಸ್ತಕ, ಪತ್ರಿಕೆಗಳ ಪುಟ ಕಟ್ಟಲು ಅದನ್ನೇ ನಂಬಿದ್ದ ಕಾಲವೊಂದಿತ್ತು. 2001ರಲ್ಲಿ ಬಂದ 7.0 ಅದರ ಕೊನೆಯ ದೊಡ್ಡ ಆವೃತ್ತಿ. ಆಮೇಲೆ ಅಡೋಬಿ ಕಂಪನಿ ಅದನ್ನು ಕೈಬಿಟ್ಟಿತು. ಅದರಲ್ಲಿ ಕಟ್ಟಿಟ್ಟ ಫೈಲ್‌ಗಳು ಹಾಗೇ ಉಳಿದವು. ಇವತ್ತು ಅಂಥ ಫೈಲನ್ನು ಲಿಬ್ರೆಆಫೀಸ್‌ನ ಡ್ರಾ ಎಂಬ ಚಿತ್ರ ಬಿಡಿಸುವ ಭಾಗ ಒಂದು ಮಟ್ಟಿಗೆ ತೆರೆದು ತೋರಿಸುತ್ತದೆ. ಮೂರನೇ ಬಗೆಯ ಬೆಂಬಲ ಅಂದೆನಲ್ಲ, ಅದು ಇದು. ಹಣ ಕಟ್ಟಿಸಿಕೊಂಡವರು ಕೊಡದ ಬೆಂಬಲವನ್ನು ಹಣ ಕೇಳದವರು ಕೊಟ್ಟಿದ್ದಾರೆ.

ತೊಂದರೆ ಇರುವುದು ಎರಡನೇ ಬಗೆಯಲ್ಲಿ. ಲಿಬ್ರೆಆಫೀಸ್‌ಗೆ ಫೋನ್ ಮಾಡಲು ಒಂದು ನಂಬರ್ ಇಲ್ಲ. ಪ್ರಶ್ನೆ ಕೇಳುವ ಜಾಲತಾಣ ಇದೆ, ಅನುಭವಿಗಳು ಬಿಡುವಾದಾಗ ಉತ್ತರಿಸುತ್ತಾರೆ. ಬಹಳ ಸಲ ಒಳ್ಳೆಯ ಉತ್ತರವೇ ಸಿಗುತ್ತದೆ, ಆದರೆ ನಾಳೆ ಬೆಳಿಗ್ಗೆ ವರದಿ ಕೊಡಬೇಕಾದವರಿಗೆ ಅದು ಧೈರ್ಯ ಕೊಡುವುದಿಲ್ಲ. ದೊಡ್ಡ ಸಂಸ್ಥೆಗಳು ಇದಕ್ಕೆ ಹಣ ಕೊಟ್ಟು ತಜ್ಞರನ್ನು ಇಟ್ಟುಕೊಳ್ಳುತ್ತವೆ. ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಸರ್ಕಾರಿ ಕಂಪ್ಯೂಟರ್‌ಗಳನ್ನು ಲಿಬ್ರೆಆಫೀಸ್‌ಗೆ ಬದಲಿಸುವುದಾಗಿ 2024ರಲ್ಲಿ ಹೇಳಿತು. ಪುಕ್ಕಟೆಯದು ಗಂಭೀರ ಕೆಲಸಕ್ಕೆ ಆಗದು ಅನ್ನುವವರಿಗೆ ಇದು ಉತ್ತರ. ಆದರೆ ಅಷ್ಟು ದೊಡ್ಡ ಬದಲಾವಣೆಗೆ ಕಲಿಸುವವರು, ರಿಪೇರಿ ಮಾಡುವವರು ಬೇಕಾಗುತ್ತಾರೆ. ಲೈಸೆನ್ಸಿನ ಹಣ ಉಳಿದರೂ ಕಲಿಕೆಗೆ ಖರ್ಚಾಗುತ್ತದೆ.

ಅಪ್‌ಡೇಟ್ ಬಗ್ಗೆ ಒಂದು ಮಾತು. ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ, ಪ್ರತಿ ಆವೃತ್ತಿಗೂ ಸುಮಾರು ಒಂಬತ್ತು ತಿಂಗಳು ಮಾತ್ರ ತಿದ್ದುಪಡಿ ಸಿಗುತ್ತದೆ. ಕೇಳಲು ಕಡಿಮೆ ಅನಿಸಬಹುದು. ಹೊಸದೂ ಪುಕ್ಕಟೆಯೇ ಆದ್ದರಿಂದ ತೊಂದರೆ ಇಲ್ಲ. ಆದರೆ ಒಮ್ಮೆ ಹಾಕಿ ಮರೆತುಬಿಡುವವರು ವರ್ಷಕ್ಕೆ ಎರಡು ಸಲ ನೆನಪಿಟ್ಟುಕೊಂಡು ಹೊಸದು ಹಾಕಿಕೊಳ್ಳಬೇಕು.

"ವರ್ಡ್ ಫೈಲ್ ತೆರೆದರೆ ಪುಟವೆಲ್ಲ ಆಚೀಚೆ ಆಗುತ್ತದೆ" ಎಂಬ ದೂರು ನಿಜ. ಅದರಲ್ಲಿ ದೊಡ್ಡ ಪಾಲು ಫಾಂಟಿನದು. ವರ್ಡ್‌ನ ಕ್ಯಾಲಿಬ್ರಿ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಬೇರೆ ಫಾಂಟ್ ಬಂದು ಕೂರುತ್ತದೆ. ಅದರ ಅಕ್ಷರದ ಅಗಲ ಬೇರೆಯಾದರೆ ಸಾಲು ಮುರಿಯುವ ಜಾಗ ಬದಲಾಗುತ್ತದೆ, ಪುಟ ಜಾರುತ್ತದೆ. ಇದಕ್ಕೆಂದೇ ಅಷ್ಟೇ ಅಗಲದ ಕಾರ್ಲಿಟೊ ಎಂಬ ಫಾಂಟ್ ಇದೆ. ಕೇಂಬ್ರಿಯಾಕ್ಕೆ ಕ್ಯಾಲಡಿಯಾ, ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಸೆರಿಫ್. ಇವು ಇವೆಯೇ ನೋಡಿಕೊಳ್ಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧ ಸುಲಭವಲ್ಲ. ವರ್ಡ್‌ನ ಮ್ಯಾಕ್ರೊಗಳು (ತಾನಾಗಿ ಕೆಲಸ ಮಾಡಿಸುವ ಚಿಕ್ಕ ಆದೇಶಗಳು), ಸ್ಮಾರ್ಟ್‌ಆರ್ಟ್ ಚಿತ್ರಗಳು, ಒಂದರೊಳಗೊಂದು ಕೂರಿಸಿದ ಟೇಬಲ್‌ಗಳು ಇಲ್ಲಿ ಎಡವುತ್ತವೆ.

ಹೆಸರಿನ ಗೊಂದಲ ಒಂದಿದೆ. ಓಪನ್‌ಆಫೀಸ್ ಇನ್ನೂ ಅಪಾಚೆ ಹೆಸರಿನಲ್ಲಿ ಸಿಗುತ್ತದೆ. 2014ರಲ್ಲಿ ಬಂದ 4.1ರ ನಂತರ ಅದಕ್ಕೆ ಚಿಕ್ಕ ತಿದ್ದುಪಡಿಗಳಷ್ಟೇ ಬಂದಿವೆ. ಈಗಿನ ವರ್ಡ್ ನಮೂನೆಯಲ್ಲಿ ಅದು ಫೈಲ್ ಉಳಿಸುವುದೂ ಇಲ್ಲ. ಹಳೆಯ ಹೆಸರಿನ ಮೇಲಿನ ಅಭಿಮಾನಕ್ಕೆ ಅದನ್ನು ಹಾಕಿಕೊಳ್ಳಬೇಡಿ.

ನಡುವಿನ ದಾರಿಗಳು

ಓನ್ಲಿಆಫೀಸ್‌ನ ಡೆಸ್ಕ್‌ಟಾಪ್ ಆವೃತ್ತಿಯೂ ಪುಕ್ಕಟೆ. ನೋಡಲು ವರ್ಡ್‌ನ ಹಾಗೇ ಇದೆ, ವರ್ಡ್‌ನ ನಮೂನೆಯನ್ನೇ ತನ್ನ ಸ್ವಂತ ನಮೂನೆಯಾಗಿ ಬಳಸುತ್ತದೆ. ಹಾಗಾಗಿ ವರ್ಡ್ ಫೈಲ್‌ಗಳು ಇಲ್ಲಿ ಕಡಿಮೆ ಜಾರುತ್ತವೆ, ಹೊಸದಾಗಿ ಬಂದವರಿಗೆ ಕೈಯೂ ಬೇಗ ಹೊಂದುತ್ತದೆ. ಕನ್ನಡದ ಒತ್ತಕ್ಷರಗಳನ್ನು ಮಾತ್ರ ನೀವೇ ಪರೀಕ್ಷಿಸಿ ಒಪ್ಪಿಕೊಳ್ಳಿ.

ಜರ್ಮನಿಯ ಸಾಫ್ಟ್‌ಮೇಕರ್ ಕಂಪನಿಯ ಆಫೀಸ್ ಸಾಫ್ಟ್‌ವೇರ್‌ಗೆ ಚಂದಾ ಮತ್ತು ಒಮ್ಮೆಗೇ ಕೊಳ್ಳುವುದು ಎರಡೂ ದಾರಿ ಇವೆ. ಫ್ರೀಆಫೀಸ್ ಎಂಬ ಪುಕ್ಕಟೆ ಆವೃತ್ತಿಯೂ ಇದೆ. ಹಳೆಯ, ನಿಧಾನ ಕಂಪ್ಯೂಟರಿನಲ್ಲಿ ಹಗುರವಾಗಿ ಓಡುತ್ತದೆ. ಆಪಲ್ ಸಾಧನ ಇದ್ದವರಿಗೆ ಪೇಜಸ್ ಪುಕ್ಕಟೆ, ಚೆಂದವೂ ಇದೆ. ಆದರೆ ಆಪಲ್ ಬಿಟ್ಟು ಹೊರಟ ದಿನ ಎಲ್ಲವನ್ನೂ ಬೇರೆ ನಮೂನೆಗೆ ಬದಲಿಸುತ್ತಾ ಕೂರಬೇಕು.

ಗೂಗಲ್ ಡಾಕ್ಸ್

ಇಬ್ಬರಿಗಿಂತ ಜಾಸ್ತಿ ಜನ ಒಂದೇ ಬರಹದ ಮೇಲೆ ಒಟ್ಟಿಗೆ ಕೂರುವುದಾದರೆ ಡಾಕ್ಸ್‌ಗೆ ಸಾಟಿ ಕಡಿಮೆ. ಯಾರು ಯಾವ ಸಾಲು ಬದಲಿಸಿದರು ಎಂದು ಹಿಂದಕ್ಕೆ ಹೋಗಿ ನೋಡಬಹುದು. "ಕೊನೆಯದು", "ಕೊನೆಯದು 2", "ನಿಜವಾಗಿ ಕೊನೆಯದು" ಎಂಬ ಫೈಲ್‌ಗಳ ರಾಶಿ ಇಲ್ಲ. ಕಂಪ್ಯೂಟರ್ ಕೆಟ್ಟರೂ ಬರಹ ಉಳಿಯುತ್ತದೆ.

ಆದರೆ ನನ್ನ ಮೊದಲ ಅಳತೆಯನ್ನು ಇಲ್ಲಿ ಇಟ್ಟು ನೋಡಿ. ನಿಮ್ಮ ಕಂಪ್ಯೂಟರಿನ ಗೂಗಲ್ ಡ್ರೈವ್ ಫೋಲ್ಡರಿನಲ್ಲಿ ಕಾಣುವ ಡಾಕ್ಸ್ ಫೈಲ್ ನಿಜವಾದ ಬರಹ ಅಲ್ಲ, ಬರಹ ಇರುವ ಜಾಗದ ವಿಳಾಸ ಅಷ್ಟೇ. ಅದನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡರೆ ಬರಹ ಬರುವುದಿಲ್ಲ. ತುಂಬಾ ಜನರಿಗೆ ಇದು ಗೊತ್ತಾಗುವುದು ಖಾತೆ ಹೋದ ಮೇಲೆ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬ ನಿಯಮವೂ ಇದೆ. ಪುಕ್ಕಟೆ ಜಾಗ 15 ಜಿಬಿ. ಇಮೇಲ್, ಫೋಟೊ ಎಲ್ಲ ಸೇರಿ ಅಷ್ಟೇ, 2021ರ ಜೂನ್‌ನಿಂದ ಹೊಸ ಡಾಕ್ಸ್ ಫೈಲ್‌ಗಳೂ ಅದರ ಲೆಕ್ಕಕ್ಕೆ ಬರುತ್ತವೆ. ಪಾಸ್‌ವರ್ಡ್ ಕಳೆದುಕೊಂಡರೆ, ಖಾತೆ ಲಾಕ್ ಆದರೆ, ಪುಕ್ಕಟೆ ಬಳಕೆದಾರರಿಗೆ ಮಾತಾಡಲು ಮನುಷ್ಯ ಸಿಗುವುದು ಕಷ್ಟ.

ಪರಿಹಾರ ಕಷ್ಟದ್ದಲ್ಲ. ಟೇಕ್‌ಔಟ್ ಎಂಬ ಸೌಲಭ್ಯದಿಂದ ಎಲ್ಲ ಬರಹವನ್ನೂ ವರ್ಡ್ ನಮೂನೆಯಲ್ಲಿ ಒಟ್ಟಿಗೆ ಇಳಿಸಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಮಾಡಿ. ಅದನ್ನು ಮಾಡುವ ಶಿಸ್ತು ಇಲ್ಲದಿದ್ದರೆ ಜೀವಮಾನದ ಬರಹವನ್ನು ಬರೀ ಡಾಕ್ಸ್‌ನಲ್ಲಿ ಇಡಬೇಡಿ ಎಂದು ನಾನು ಕೈಮುಗಿದು ಹೇಳುತ್ತೇನೆ.

ಪಿಡಿಎಫ್ ತಿದ್ದುವುದು: ಹಣ ಹೆಚ್ಚು ಪೋಲಾಗುವ ಜಾಗ

ಪಿಡಿಎಫ್ ತಿದ್ದುವುದು ಯಾಕಿಷ್ಟು ಕಷ್ಟ ಎಂದು ತಿಳಿದರೆ ಅರ್ಧ ಖರ್ಚು ಉಳಿಯುತ್ತದೆ. 1993ರಲ್ಲಿ ಅಡೋಬಿ ಇದನ್ನು ತಂದದ್ದು ಎಲ್ಲಿ ತೆರೆದರೂ ಪುಟ ಒಂದೇ ಥರ ಕಾಣಲಿ ಎಂದು. ತಿದ್ದಲಿ ಎಂಬುದು ಅದರ ಉದ್ದೇಶವೇ ಆಗಿರಲಿಲ್ಲ. ಅದರೊಳಗೆ ಸಾಮಾನ್ಯವಾಗಿ ಪ್ಯಾರಾ ಎಂಬುದಿಲ್ಲ. ಈ ಆಕಾರ ಪುಟದ ಈ ಜಾಗದಲ್ಲಿ ಕೂರಲಿ ಎಂಬ ಸೂಚನೆಗಳಷ್ಟೇ ಇರುತ್ತವೆ. ಫಾಂಟನ್ನು ಒಳಗೆ ಸೇರಿಸುವಾಗಲೂ ಆ ಬರಹದಲ್ಲಿ ಬಂದ ಅಕ್ಷರಗಳನ್ನು ಮಾತ್ರ ಸೇರಿಸುವುದು ರೂಢಿ. ಇಲ್ಲದ ಅಕ್ಷರ ನೀವು ಹೊಸದಾಗಿ ಒತ್ತಿದರೆ ಅದು ಎಲ್ಲಿಂದ ಬರಬೇಕು?

ಕನ್ನಡದಲ್ಲಿ ಇದು ಇನ್ನೂ ಬಿಗಿ. ಒತ್ತಕ್ಷರ, ಗುಣಿತಾಕ್ಷರಗಳು ಒಂದೊಂದು ಆಕಾರವಾಗಿ ಪುಟದ ಮೇಲೆ ಕೂತಿರುತ್ತವೆ. ಅವನ್ನು ಮತ್ತೆ ಬಿಡಿ ಅಕ್ಷರಗಳಾಗಿ ಒಡೆದು ಓದುವ ಮಾಹಿತಿ ಫೈಲ್‌ನಲ್ಲಿ ಬಹಳ ಸಲ ಸರಿಯಾಗಿರುವುದಿಲ್ಲ. ಕನ್ನಡ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಅಕ್ಷರ ಚೆಲ್ಲಾಪಿಲ್ಲಿ ಆಗುವುದು ಅದಕ್ಕೇ. ಎಷ್ಟು ದುಬಾರಿ ಸಾಫ್ಟ್‌ವೇರ್ ಕೊಂಡರೂ ಇದು ಪೂರ್ತಿ ಬಗೆಹರಿಯುವುದಿಲ್ಲ. ಕನ್ನಡ ಪಿಡಿಎಫ್ ತಿದ್ದಲೆಂದೇ ಚಂದಾ ಕಟ್ಟಲು ಹೊರಟಿದ್ದರೆ ದಯವಿಟ್ಟು ನಿಲ್ಲಿ. ಮೂಲ ಫೈಲ್ ಯಾರ ಹತ್ತಿರ ಇದೆಯೋ ಅವರನ್ನು ಕೇಳಿ. ಸ್ಕ್ಯಾನ್ ಮಾತ್ರ ಇದ್ದರೆ ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದು ನೋಡಿ. ಚಿತ್ರದಲ್ಲಿರುವ ಕನ್ನಡ ಅಕ್ಷರಗಳನ್ನು ಅದು ಗುರುತಿಸಿ ಬರಹ ಮಾಡಿಕೊಡುತ್ತದೆ. ತಪ್ಪುಗಳಿರುತ್ತವೆ, ಆದರೆ ಮೊದಲಿಂದ ಟೈಪ್ ಮಾಡುವ ಕೆಲಸ ತಪ್ಪುತ್ತದೆ.

ನಮ್ಮಲ್ಲಿ ಹೆಚ್ಚಿನವರಿಗೆ ಪಿಡಿಎಫ್ "ತಿದ್ದುವುದು" ಅಂದರೆ ಅರ್ಜಿ ತುಂಬುವುದು, ಸಹಿ ಹಾಕುವುದು, ಪುಟ ಸೇರಿಸುವುದು, ತೆಗೆಯುವುದು, ಬಣ್ಣ ಬಳಿದು ಗುರುತು ಮಾಡುವುದು. ಇದ್ಯಾವುದಕ್ಕೂ ಹಣ ಬೇಕಾಗಿಲ್ಲ. ಫೈರ್‌ಫಾಕ್ಸ್ ಬ್ರೌಸರಿನಲ್ಲೇ 2022ರಿಂದ ಪಿಡಿಎಫ್ ಮೇಲೆ ಬರೆಯಬಹುದು, ಗೀಚಬಹುದು. ಪುಟ ಸೇರಿಸಲು, ಬೇರೆ ಮಾಡಲು ಪಿಡಿಎಫ್‌ಸ್ಯಾಮ್ ಬೇಸಿಕ್ ಇದೆ. ಓದಿ ಗುರುತು ಮಾಡಲು ಓಕ್ಯುಲರ್ ಇದೆ. ಮ್ಯಾಕ್‌ನಲ್ಲಿ ಪ್ರಿವ್ಯೂ ಇದೆ. ಇವೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತವೆ. ಜಾಲತಾಣಕ್ಕೆ ಫೈಲ್ ಹಾಕಿ ತಿದ್ದಿಸಿಕೊಳ್ಳುವುದು ಸುಲಭ, ಆದರೆ ಅಲ್ಲಿ ನಿಮ್ಮ ಫೈಲ್ ಬೇರೆಯವರ ಕಂಪ್ಯೂಟರಿಗೆ ಹೋಗುತ್ತದೆ. ಗುರುತಿನ ಚೀಟಿ, ಬ್ಯಾಂಕ್ ಕಾಗದ, ವೈದ್ಯರ ವರದಿ ಇಂಥವನ್ನು ಅಲ್ಲಿ ಹಾಕಬೇಡಿ.

ಹಣ ಕೊಡಲು ಸರಿಯಾದ ಕಾರಣಗಳೂ ಇವೆ. ದಿನವೂ ಇಂಗ್ಲಿಷ್ ಪಿಡಿಎಫ್‌ನ ಒಳಗಿನ ಸಾಲು ಬದಲಿಸುವವರು, ನೂರಾರು ಸ್ಕ್ಯಾನ್ ಪುಟ ಓದಿಸುವವರು, ಗುಟ್ಟಿನ ಮಾಹಿತಿ ಅಳಿಸಿ ಹೊರಗೆ ಕೊಡುವವರು ಒಳ್ಳೆಯದನ್ನೇ ಕೊಳ್ಳಬೇಕು. ಕೊನೆಯದನ್ನು ಒತ್ತಿ ಹೇಳುತ್ತೇನೆ. ಸಾಲಿನ ಮೇಲೆ ಕಪ್ಪು ಚೌಕ ಎಳೆದರೆ ಅಡಿಯ ಅಕ್ಷರ ಹೋಗುವುದಿಲ್ಲ. ಆ ಜಾಗವನ್ನು ಆಯ್ದು ಕಾಪಿ ಮಾಡಿದರೆ ಬಂದುಬಿಡುತ್ತದೆ.

ಅಡೋಬಿ ಅಕ್ರೋಬ್ಯಾಟ್ ಇದರಲ್ಲಿ ಪಳಗಿದ್ದು, ದುಬಾರಿಯೂ ಹೌದು. ಚಂದಾ ಮಾಡುವಾಗ "ವರ್ಷದ ಪ್ಲಾನ್, ತಿಂಗಳ ಕಂತು" ಎಂಬುದನ್ನು ತಿಂಗಳ ಚಂದಾ ಎಂದು ತಿಳಿಯಬೇಡಿ. ನಡುವೆ ಬಿಟ್ಟರೆ ದಂಡ ಬೀಳುತ್ತದೆ. ಈ ಷರತ್ತನ್ನು ಮರೆಮಾಡಲಾಗಿದೆ ಎಂದು ಅಮೆರಿಕದ ವ್ಯಾಪಾರ ಆಯೋಗ 2024ರ ಜೂನ್‌ನಲ್ಲಿ ಅಡೋಬಿ ಮೇಲೆ ಮೊಕದ್ದಮೆ ಹೂಡಿತು. ಒಂದೇ ತಿಂಗಳ ಕೆಲಸವಾದರೆ ದರ ಜಾಸ್ತಿ ಕಂಡರೂ ನಿಜವಾದ ತಿಂಗಳ ಪ್ಲಾನೇ ಅಗ್ಗ. ಚಂದಾ ಬೇಡವಾದರೆ ಪಿಡಿಎಫ್-ಎಕ್ಸ್‌ಚೇಂಜ್ ಎಡಿಟರ್ ನೋಡಿ. ಒಮ್ಮೆ ಕೊಂಡರೆ ಆ ಆವೃತ್ತಿ ನಿಮ್ಮದು, ಒಂದು ವರ್ಷದ ಅಪ್‌ಡೇಟ್ ಜೊತೆಗೆ ಬರುತ್ತದೆ, ಆಮೇಲಿನದು ಬೇಕಿದ್ದರೆ ಮಾತ್ರ ಹಣ. "ಲೈಫ್‌ಟೈಮ್" ಅನ್ನುವ ಮಾತಿಗಿಂತ ಹೀಗೆ ಬಿಡಿಸಿ ಹೇಳುವುದು ನನಗೆ ಇಷ್ಟ.

ಹಾಗಾದರೆ ಯಾರಿಗೆ ಯಾವುದು

ಓದುವ ಮಕ್ಕಳು, ಮನೆಯ ಪತ್ರ ವ್ಯವಹಾರ, ಒಬ್ಬರೇ ಕೂತು ಬರೆಯುವ ಲೇಖಕರು ಲಿಬ್ರೆಆಫೀಸ್ ಹಾಕಿಕೊಳ್ಳಿ. ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಮೊದಲು ನಿಮ್ಮ ಸಂಸ್ಥೆಯನ್ನು ಕೇಳಿ. ಎಷ್ಟೋ ಕಡೆ ವಿದ್ಯಾರ್ಥಿಗಳಿಗೆ ಮೈಕ್ರೋಸಾಫ್ಟ್ 365 ಪುಕ್ಕಟೆ ಸಿಗುತ್ತದೆ. ಆದರೆ ಓದು ಮುಗಿದ ಮೇಲೆ ಆ ಖಾತೆ ಹೋಗುತ್ತದೆ, ಪ್ರಬಂಧವನ್ನು ಅದರೊಳಗೇ ಬಿಡಬೇಡಿ.

ಸಂಪಾದಕರು, ಅನುವಾದಕರು, ವಕೀಲರು, ಅಂದರೆ ಬೇರೆಯವರ ವರ್ಡ್ ಫೈಲ್ ತಿದ್ದಿಯೇ ಹೊಟ್ಟೆ ಹೊರೆಯುವವರು ವರ್ಡ್‌ಗೆ ಹಣ ಕೊಡಿ. ಒಂದು ಟಿಪ್ಪಣಿ ಕಳೆದುಹೋದರೆ, ಒಂದು ಪುಟಸಂಖ್ಯೆ ಜಾರಿದರೆ ಆಗುವ ನಷ್ಟ ಚಂದಾಕ್ಕಿಂತ ದೊಡ್ಡದು. ಇಲ್ಲಿ ಹಣ ಉಳಿಸಲು ಹೋಗಿ ನಂಬಿಕೆ ಕಳೆದುಕೊಂಡವರನ್ನು ನೋಡಿದ್ದೇನೆ.

ಐದಾರು ಜನರ ಚಿಕ್ಕ ಕಚೇರಿಗೆ ಎಲ್ಲರಿಗೂ ಒಂದೇ ಬೇಕೆಂದಿಲ್ಲ. ಹೊರಗಿನವರ ಜೊತೆ ವ್ಯವಹರಿಸುವ ಒಬ್ಬರಿಬ್ಬರಿಗೆ ವರ್ಡ್ ಕೊಳ್ಳಿ, ಉಳಿದವರಿಗೆ ಓನ್ಲಿಆಫೀಸ್ ಅಥವಾ ಲಿಬ್ರೆಆಫೀಸ್ ಸಾಕು. ಉಳಿದ ಹಣದಲ್ಲಿ ಇದನ್ನು ಬಲ್ಲ ಒಬ್ಬರನ್ನು ತಿಂಗಳಿಗೊಮ್ಮೆ ಬಂದು ನೋಡಲು ಗೊತ್ತು ಮಾಡಿಕೊಳ್ಳಿ. ಕಂಪನಿಯ ಚಾಟ್‌ನಲ್ಲಿ ಕಾಯುವುದಕ್ಕಿಂತ ಅದು ನೂರು ಪಾಲು ಮೇಲು.

ಹಳೆಯ ಕನ್ನಡ ಫೈಲ್‌ಗಳ ರಾಶಿ ಇರುವವರಿಗೆ ಬೇರೆ ಮಾತು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿ ಬರೆದದ್ದು ಎಲ್ಲ ಕಡೆ ಒಂದೇ ಥರ ಓದಿಸಿಕೊಳ್ಳುವ ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಾಗದ ಗುರುತುಗಳು ಕಾಣುತ್ತವೆ. ಇದಕ್ಕೆ ಸಾಫ್ಟ್‌ವೇರ್ ಬದಲಿಸಿ ಪ್ರಯೋಜನವಿಲ್ಲ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಒಂದು ಸಲ ಕೂತು ಎಲ್ಲವನ್ನೂ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಬೇರೆ ಯಾವ ಖರ್ಚಿಗೂ ಮೊದಲು ಈ ಕೆಲಸ ಆಗಲಿ.

ಇನ್ನೂ ಅನುಮಾನ ಇದ್ದರೆ, ಈಗಿನ ಚಂದಾ ಮುಗಿಯಲು ಒಂದು ತಿಂಗಳಿರುವಾಗ ನಿಮ್ಮ ಫೈಲ್‌ಗಳಲ್ಲಿ ಮೂರನ್ನು ತೆಗೆದುಕೊಳ್ಳಿ. ಟೇಬಲ್, ಅಡಿಟಿಪ್ಪಣಿ, ಪುಟಸಂಖ್ಯೆ ಎಲ್ಲ ಇರುವ ಒಂದು. ಬೇರೆಯವರು ತಿದ್ದಿ, ಟಿಪ್ಪಣಿ ಹಾಕಿ ಕಳಿಸಿದ ಒಂದು. ಉದ್ದನೆಯ ಕನ್ನಡ ಬರಹ ಒಂದು. ಪುಕ್ಕಟೆಯದರಲ್ಲಿ ತೆರೆದು, ಎರಡು ಸಾಲು ತಿದ್ದಿ, ಉಳಿಸಿ, ವರ್ಡ್ ಇರುವ ಸ್ನೇಹಿತರಿಗೆ ಕಳಿಸಿ ಹೇಗೆ ಕಾಣುತ್ತದೆ ಕೇಳಿ. ಕನ್ನಡದ್ದನ್ನು ಪಿಡಿಎಫ್ ಮಾಡಿ ಅದರಲ್ಲಿ ಒತ್ತಕ್ಷರವಿರುವ ಒಂದು ಪದ ಹುಡುಕಿ ನೋಡಿ. ಮೂರೂ ಸರಿ ಬಂದರೆ ಚಂದಾ ನವೀಕರಿಸಬೇಡಿ. ಒಂದು ಕೈಕೊಟ್ಟರೆ, ಆ ಬಗೆಯ ಫೈಲ್ ನಿಮಗೆ ವರ್ಷಕ್ಕೆ ಎಷ್ಟು ಸಲ ಬರುತ್ತದೆ ಎಂದು ಎಣಿಸಿ.